ಹೊಂದಿಸಿದ ಅಂಕಗಳು

ನನ್ನ ಜೊತೆ ವಾದ ಮಾಡಿ ಗೆದ್ದವರು ಕಡಿಮೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ಒಂದು ಕಾಲಕ್ಕೆ ಹೆಮ್ಮೆಯಿಂದಲೇ ಹೇಳುತ್ತಿದ್ದೆ. ಬಾಯಿ ಜೋರು, ನೆನಪು ಗಟ್ಟಿ, ಅದರ ಮೇಲೆ ಮೂವತ್ತು ವರ್ಷ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸಿದ ಚಟ. ಬದನೆಕಾಯಿ ಬಲಿತಿದೆಯೋ ಇಲ್ಲವೋ ಎಂಬುದಕ್ಕೂ ಸಂತೆಯಲ್ಲಿ ನಿಂತು ಕಾರಣ ಒಂದು, ಕಾರಣ ಎರಡು ಎಂದು ಬೆರಳು ಮಡಚುತ್ತಿದ್ದೆ. ನನ್ನ ಯಜಮಾನರು ಮದುವೆಯಾದ ಹೊಸದರಲ್ಲೇ ಕೈಚೆಲ್ಲಿದರು. "ನಿನ್ನ ಕೂಡ ವಾದಾ ಹಾಕೂದಕಿಂತ ಹೌದು ಅಂದು ಚಾ ಕುಡಿಯೂದು ಛಲೋ," ಎಂದು ಬಂದ ನೆಂಟರ ಮುಂದೆಲ್ಲ ಹೇಳುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ.

ಆದರೆ ಒಬ್ಬರು ಹಾಗೆ ಸುಮ್ಮನೆ ಹೌದು ಅನ್ನುವವರಾಗಿರಲಿಲ್ಲ. ನಮ್ಮ ವಿಭಾಗಕ್ಕೆ ನನಗಿಂತ ಹದಿನಾಲ್ಕು ವರ್ಷ ತಡವಾಗಿ ಬಂದ ಸಹೋದ್ಯೋಗಿ. ಹುಬ್ಬಳ್ಳಿಯ ಬೌದ್ಧ ಕುಟುಂಬದವರು. ತಂದೆ ಸರಕಾರಿ ಕಚೇರಿಯೊಂದರಲ್ಲಿ ಜವಾನರಾಗಿದ್ದರು, ಅಕ್ಕ ಸಾಲಿಯ ಟೀಚರ್. ಮೆತ್ತಗಿನ ಮಾತು, ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಯಾವಾಗಲೂ ಎರಡು ಪೆನ್ನು. ಬಂದ ಮೊದಲ ವಾರವೇ ಸ್ಟಾಫ್ ರೂಮಿನಲ್ಲಿ ನಾನು ಏನೋ ಖಡಾಖಂಡಿತ ಮಾಡಿ ಹೇಳಿದಾಗ, ತಲೆ ಒಂದಿಷ್ಟು ವಾರೆ ಮಾಡಿ, "ನನಗ ಹಂಗ ಅನಸೂದಿಲ್ರಿ ಮೇಡಂ," ಎಂದರು. ಉಳಿದವರು ನನ್ನ ಮುಖ ನೋಡಿದರು. ನನಗೆ ಸಿಟ್ಟು ಬಂತು, ಖುಷಿಯೂ ಆಯಿತು. ಅಂದಿನಿಂದ ಮಧ್ಯಾಹ್ನದ ಚಹಾ ನಾವಿಬ್ಬರೂ ಕೂಡಿಯೇ ಕುಡಿಯುತ್ತಿದ್ದೆವು. ಕಾಲೇಜಿನ ಗೇಟಿನ ಎದುರು ಒಂದು ಚಹಾದಂಗಡಿ, ಅದರ ಮುಂದೆ ಕಲ್ಲಿನ ಕಟ್ಟೆ. ಅಲ್ಲಿ ಕುಳಿತು ನಾವು ಆಡದ ಜಗಳವಿಲ್ಲ. ಅಂಗಡಿಯಾತ ಒಮ್ಮೆ ನಿಜವಾಗಿಯೂ ಗಾಬರಿಯಾಗಿ ಒಳಗಿನಿಂದ ಎದ್ದು ಬಂದಿದ್ದ.

ಅವರ ಜೊತೆ ಸೋತರೆ ನನಗೆ ಅವಮಾನವಾಗುತ್ತಿರಲಿಲ್ಲ. ಮನೆಗೆ ಹೋಗಿ ಅಡಿಗೆ ಮಾಡುತ್ತ ಮತ್ತೆ ಅದನ್ನೇ ಯೋಚಿಸುತ್ತಿದ್ದೆ. ಮರುದಿನ ಹೋಗಿ, "ನಿನ್ನಿ ನೀವಂದದ್ದು ಅರ್ಧ ಖರೆ ಐತಿ," ಅನ್ನುತ್ತಿದ್ದೆ. "ಅರ್ಧ ಒಪ್ಪಿದ್ರಲ್ಲ, ಇವತ್ತ ಚಾದ ಬಿಲ್ ನಂದು," ಅನ್ನುತ್ತಿದ್ದರು ಅವರು.

ಎಂ.ಎ. ತರಗತಿಗೆ ನಾನು ಕಲಿಸುತ್ತಿದ್ದ ಪಾಠಗಳಲ್ಲಿ ನನಗೆ ಅತಿ ಇಷ್ಟದ್ದು ಭಿನ್ನಾಭಿಪ್ರಾಯದ ಕುರಿತದ್ದು. ಪ್ರಶ್ನೆ ಸರಳ. ಇಬ್ಬರೂ ಸಮಾನ ಬುದ್ಧಿಯವರು, ಇಬ್ಬರ ಮುಂದೆಯೂ ಇರುವುದು ಒಂದೇ ಆಧಾರ, ಆದರೂ ಒಬ್ಬರು ಹೌದು ಅನ್ನುತ್ತಾರೆ, ಇನ್ನೊಬ್ಬರು ಅಲ್ಲ ಅನ್ನುತ್ತಾರೆ. ಆಗ ಏನು ಮಾಡಬೇಕು? ನಾನು ಸಾರಿನ ಉದಾಹರಣೆ ಕೊಡುತ್ತಿದ್ದೆ. ಒಂದೇ ತಾಯಿಯ ಕೈಯಲ್ಲಿ ಅಡಿಗೆ ಕಲಿತ ಅಕ್ಕತಂಗಿಯರು ಒಂದೇ ಪಾತ್ರೆಯ ಸಾರು ನೆಕ್ಕಿ ನೋಡಿ, ಅಕ್ಕ ಉಪ್ಪು ಸಾಲದು ಎಂದರೆ, ತಂಗಿ ಸಾಕು ಎಂದರೆ? ತಂಗಿಯ ನಾಲಿಗೆ ಕೆಟ್ಟಿದೆ ಎಂದು ಅಕ್ಕ ಹೇಗೆ ಹೇಳುತ್ತಾಳೆ? ತನ್ನ ನಾಲಿಗೆಯೇ ಕೆಟ್ಟಿರಬಹುದಲ್ಲ? ಕೆಲವು ಪಂಡಿತರು ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿಯಬೇಕು ಅನ್ನುತ್ತಾರೆ. ಕೆಲವರು ನಿನಗೆ ರುಚಿಸಿದ್ದನ್ನು ಬಿಡಬೇಡ ಅನ್ನುತ್ತಾರೆ. ಎರಡನ್ನೂ ಬೋರ್ಡಿನ ಮೇಲೆ ಬರೆದು, ಕೊನೆಗೆ ನಾನು ಹೇಳುತ್ತಿದ್ದೆ: ಯಾವ ಪಕ್ಷ ಹಿಡಿದರೂ ಚಿಂತೆಯಿಲ್ಲ, ಎದುರಿನವರನ್ನು ಸಮಾನರು ಎಂದು ಒಪ್ಪಿದ ಮೇಲೆ ಅವರ ಮಾತು ತೂಗಿ ನೋಡಲೇಬೇಕು. ಇಷ್ಟು ಚೆಂದ ಕಲಿಸುತ್ತಿದ್ದೆ. ಹುಡುಗಿಯರು ಬರೆದುಕೊಳ್ಳುತ್ತಿದ್ದರು.

ಈಗ ಉತ್ತರಪತ್ರಿಕೆ ತಿದ್ದುವ ಸಂಗತಿ. ಯಾವ ಪರೀಕ್ಷೆ, ಯಾವ ಮಂಡಳಿ ಎಂಬುದು ಇಲ್ಲಿ ಬೇಡ. ಎಂ.ಎ. ಪತ್ರಿಕೆಗಳನ್ನು ಇಬ್ಬರು ತಿದ್ದಬೇಕು. ಮೊದಲನೆಯವರು ಪತ್ರಿಕೆಯ ಮೇಲೆ ಒಂದು ಗೀಟೂ ಹಾಕದೆ ಅಂಕಗಳನ್ನು ಬೇರೆ ಹಾಳೆಯಲ್ಲಿ ಬರೆಯಬೇಕು. ಎರಡನೆಯವರು ಅದನ್ನು ನೋಡದೆ ತಮ್ಮ ಅಂಕ ಪತ್ರಿಕೆಯ ಮುಖಪುಟದಲ್ಲಿ ಬರೆಯಬೇಕು. ಇಬ್ಬರ ನಡುವೆ ಹದಿನೈದಕ್ಕಿಂತ ಹೆಚ್ಚು ಅಂಕದ ವ್ಯತ್ಯಾಸ ಬಂದರೆ ಪತ್ರಿಕೆ ಪರವೂರಿನ ಮೂರನೆಯವರಿಗೆ ಹೋಗಬೇಕು. ನಿಯಮ ಮಾಡಿದವರು ದಡ್ಡರಲ್ಲ. ಇಬ್ಬರು ಒಪ್ಪದೆ ಇರಬಹುದು ಎಂದು ಮೊದಲೇ ತಿಳಿದು, ಅದಕ್ಕೊಂದು ದಾರಿ ಮಾಡಿಟ್ಟಿದ್ದರು.

ಆ ದಾರಿಯಲ್ಲಿ ಯಾರೂ ಹೋಗುತ್ತಿರಲಿಲ್ಲ, ಅಷ್ಟೇ. ಮೂರನೆಯವರಿಗೆ ಕಳಿಸಿದರೆ ಫಲಿತಾಂಶ ತಡ, ಪತ್ರವ್ಯವಹಾರ, ಮುಖ್ಯಸ್ಥರ ಗೊಣಗಾಟ. ಹಾಗಾಗಿ ಇಬ್ಬರೂ ಒಂದೇ ಮೇಜಿಗೆ ಕುಳಿತು, ಎಲ್ಲ ಮುಗಿದ ಮೇಲೆ ಹಾಳೆ ತೆಗೆದು ಪಕ್ಕಪಕ್ಕ ಇಟ್ಟು ನೋಡಿ, ವ್ಯತ್ಯಾಸ ಇದ್ದಲ್ಲಿ ಒಬ್ಬರು ಏರಿಸಿ ಒಬ್ಬರು ಇಳಿಸಿ ಸರಿ ಮಾಡುತ್ತಿದ್ದರು. ಇದಕ್ಕೆ ಹೊಂದಿಸುವುದು ಎಂದು ಹೆಸರು. ಹೊಂದಿಸುವಾಗ ಕಿರಿಯರು ಹೆಚ್ಚು ಸರಿಯುತ್ತಾರೆ, ಹಿರಿಯರು ಕಡಿಮೆ. ಇದನ್ನೂ ಯಾರೂ ಬರೆದಿಟ್ಟಿರಲಿಲ್ಲ. ನಾನು ಕಿರಿಯಳಾಗಿದ್ದಾಗ ನಾನೂ ಸರಿದಿದ್ದೆ.

ಆರು ವರ್ಷದ ಹಿಂದೆ, ನಾನು ನಿವೃತ್ತಳಾಗುವ ಎರಡು ವರ್ಷ ಮೊದಲು, ಒಂದು ಬೇಸಿಗೆಯ ಮಧ್ಯಾಹ್ನ ನಾವಿಬ್ಬರೂ ಹಾಗೆ ಕುಳಿತಿದ್ದೆವು. ನಾನು ಮೊದಲನೆಯವಳು, ಅವರು ಎರಡನೆಯವರು. ಇಪ್ಪತ್ತಾರು ಪತ್ರಿಕೆಗಳಲ್ಲಿ ಇಪ್ಪತ್ತೈದು ಹೊಂದಿದವು. ಉಳಿದ ಒಂದರಲ್ಲಿ ನನ್ನದು ಮೂವತ್ತನಾಲ್ಕು, ಅವರದು ಅರವತ್ತೊಂದು. ಪಾಸಾಗಲು ನಲವತ್ತು ಬೇಕು.

"ಏನ್ರಿ ಸರ್, ಇದನ್ನ ನಿದ್ದಿಗಣ್ಣಾಗ ನೋಡೀರೇನು?" ಎಂದು ನಕ್ಕೆ.

"ಇಲ್ರಿ ಮೇಡಂ, ಎರಡ ಸಲ ಓದೇನಿ. ಭಾಳ ಛಲೋ ಬರದಾರ."

ಹೊರಗಿನಿಂದ ಪರೀಕ್ಷೆಗೆ ಕಟ್ಟಿದವರ ಪತ್ರಿಕೆ ಅದು. ಹೆಸರಿರಲಿಲ್ಲ, ಬರೀ ಸಂಖ್ಯೆ. ಬರೆದವರು ಯಾರೇ ಇರಲಿ, ಯಾವ ಪಂಡಿತರ ಹೆಸರನ್ನೂ ಹೇಳಿರಲಿಲ್ಲ, ಯಾವ ವಾದಕ್ಕೂ ಅದರ ಶಾಸ್ತ್ರದ ಹೆಸರು ಕೊಟ್ಟಿರಲಿಲ್ಲ. ಭಿನ್ನಾಭಿಪ್ರಾಯದ ಪ್ರಶ್ನೆಗೆ ತಮ್ಮ ಊರಿನ ಭತ್ತದ ಗದ್ದೆಯನ್ನು ಬರೆದಿದ್ದರು. ಒಂದೇ ಗದ್ದೆಯ ಬದುವಿನ ಮೇಲೆ ನಿಂತು ಒಬ್ಬರು ಇವತ್ತೇ ಕೊಯ್ಯಬೇಕು ಅನ್ನುತ್ತಾರೆ, ಇನ್ನೊಬ್ಬರು ನಾಲ್ಕು ದಿನ ತಡೆಯಬೇಕು ಅನ್ನುತ್ತಾರೆ. ಇಬ್ಬರೂ ಹುಟ್ಟಾ ರೈತರು. ಅಲ್ಲಿಂದ ಊರಿನ ಮೇಲಿನ ಓಣಿ, ಕೆಳಗಿನ ಓಣಿಗೆ ಹೋಗಿದ್ದರು. ಒಂದೇ ಬಾವಿ, ಅಲ್ಲಿ ಜಗಳವಾದ ಒಂದೇ ದಿನ, ಆದರೆ ಎರಡು ಓಣಿಯವರು ಆ ದಿನದ ಬಗ್ಗೆ ಹೇಳುವ ಮಾತು ಒಂದೇ ಅಲ್ಲ. ಕೆಳಗಿನ ಓಣಿಯವರ ಮಾತನ್ನು ಇದುವರೆಗೆ ಸಮಾನರ ಮಾತೆಂದು ಯಾರು ತೂಗಿದ್ದಾರೆ, ಎಂದು ಕೇಳಿದ್ದರು. ಉಳಿದ ಉತ್ತರಗಳೂ ಇದೇ ಧಾಟಿಯವು.

"ಇದು ಪರೀಕ್ಷಾದ ಉತ್ತರ ಅಲ್ರಿ, ಕಟ್ಟಿ ಮ್ಯಾಲಿನ ಮಾತು," ಎಂದೆ.

"ನಾವೂ ಕಟ್ಟಿ ಮ್ಯಾಲೇ ಕುಂತ ಮಾತಾಡ್ತೇವಲ್ರಿ," ಎಂದರು ಅವರು. "ವಿಚಾರ ಐತಿ. ಹೆಸರು ಇಲ್ಲ, ಅಷ್ಟ."

ನಾನು ಕಾರಣ ಒಂದು, ಕಾರಣ ಎರಡು ಎಂದು ಶುರು ಮಾಡಿದೆ. ಅವರು ಪ್ರತಿಯೊಂದಕ್ಕೂ ಉತ್ತರ ಕೊಟ್ಟರು. ಉತ್ತರ ಕೊಡುವುದರಲ್ಲಿ ನನಗಿಂತ ಒಂದು ಕೈ ಮೇಲೆಯೇ ಇದ್ದರು, ಅದನ್ನು ಈಗ ಒಪ್ಪಿಕೊಳ್ಳುತ್ತೇನೆ. ಕೊನೆಗೆ ಅವರು, "ಹಂಗಿದ್ರ ಮೂರನೇದವ್ರ ಕಡೆ ಕಳಸೋಣ್ರಿ ಮೇಡಂ. ನೀವೂ ಬಿಡಬ್ಯಾಡ್ರಿ, ನಾನೂ ಬಿಡೂದಿಲ್ಲ. ಅವರ ನೋಡ್ಲಿ," ಎಂದರು. ಇದಕ್ಕಿಂತ ನ್ಯಾಯದ ಮಾತು ಇನ್ನೊಂದಿಲ್ಲ. ಆದರೆ ಅಕ್ಕಪಕ್ಕದ ಮೇಜಿನವರು ಪೆನ್ನು ಕೆಳಗಿಟ್ಟು ನಮ್ಮನ್ನೇ ನೋಡುತ್ತಿದ್ದರು. ಮುಖ್ಯಸ್ಥರು ಆಗಲೇ ಎರಡು ಸಲ, "ನಿಮ್ಮಿಬ್ಬರದು ಒಂದ ಬಾಕಿ ನೋಡ್ರಿ," ಎಂದು ಹೋಗಿದ್ದರು. ಇಪ್ಪತ್ತೆಂಟು ವರ್ಷ ತಿದ್ದಿದವಳ ಪತ್ರಿಕೆ ಮೂರನೆಯವರಿಗೆ ಹೋಗುತ್ತದೆಯೆಂದರೆ ಏನರ್ಥ? ನನ್ನ ತಲೆ ಬಿಸಿಯಾಯಿತು.

ಆಗ ನಾನು ಅಂದೆ. ದನಿ ಏರಿಸಲಿಲ್ಲ, ನಗುನಗುತ್ತಲೇ ಅಂದೆ. "ಯಾಕ ಇಷ್ಟ ಹಟಾ ಮಾಡಾಕತ್ತೀರಿ ಅಂತ ಗೊತ್ತೈತಿ ಬಿಡ್ರಿ ಸರ್. ಕೆಳಗಿನ ಓಣಿ ಬಂತಲ್ಲ, ನಿಮ್ಮವರು ಅಂತ ಅಂತಃಕರಣ."

ಅವರು ನನ್ನನ್ನು ನೋಡಿದರು. ಸಿಟ್ಟಿನಿಂದ ನೋಡಿದ್ದರೆ ನಾನು ಇನ್ನೂ ನಾಲ್ಕು ಮಾತಾಡುತ್ತಿದ್ದೆನೇನೋ. ಗುರುತಿನವರು ಎಂದುಕೊಂಡು ಹತ್ತಿರ ಹೋದಾಗ ಬೇರೆ ಯಾರೋ ಎಂದು ತಿಳಿದವರು ನೋಡುತ್ತಾರಲ್ಲ, ಹಾಗೆ ನೋಡಿದರು. ಆಮೇಲೆ ಜೇಬಿನಿಂದ ಕೆಂಪು ಪೆನ್ನು ತೆಗೆದು, ಮುಖಪುಟದ ಅರವತ್ತೊಂದರ ಮೇಲೆ ಒಂದು ನೆಟ್ಟನೆಯ ಗೆರೆ ಎಳೆದು, ಪಕ್ಕದಲ್ಲಿ ಮೂವತ್ತಾರು ಎಂದು ಬರೆದು, ಸಣ್ಣ ಸಹಿ ಹಾಕಿದರು. ಆ ಎರಡು ಅಂಕ ಯಾಕೆ ಹೆಚ್ಚು ಉಳಿಸಿದರೋ ನಾನು ಕೇಳಲಿಲ್ಲ. "ಆತ್ರಿ ಮೇಡಂ," ಎಂದು ಪತ್ರಿಕೆಯನ್ನು ನನ್ನ ಕಡೆ ಸರಿಸಿದರು. ಮುಖ್ಯಸ್ಥರು ಬಂದು ಕಟ್ಟು ಎತ್ತಿಕೊಂಡು ಹೋದರು. ನಾವಿಬ್ಬರೂ ಒಪ್ಪಿದ್ದೆವು ಎಂದು ಕಾಗದ ಹೇಳಿತು.

ಆ ದಿನ ಮನೆಗೆ ಬಂದು ನನಗೆ ಒಂದಿಷ್ಟೂ ಕೆಡುಕೆನಿಸಲಿಲ್ಲ ಎಂಬುದನ್ನೂ ಬರೆಯಬೇಕು. ಅವರಿಗೆ ಒಂದಿಷ್ಟು ಬೇಸರವಾಗಿರಬಹುದು, ನಾಳೆ ಚಹಾ ಕುಡಿಸಿದರೆ ಸರಿಹೋಗುತ್ತದೆ ಎಂದುಕೊಂಡೆ. ಮರುದಿನ ಅವರು ಚಹಾಕ್ಕೆ ಬಂದರು. ಮಾತಾಡಿದರು, ಮಗಳ ಸಾಲಿ, ಬಿಸಿಲು, ಬಸ್ಸಿನ ಗದ್ದಲ. ವಾದ ಮಾತ್ರ ಮಾಡಲಿಲ್ಲ.

ಫಲಿತಾಂಶ ಬಂದು ತಿಂಗಳೊಪ್ಪತ್ತಿಗೆ ಒಬ್ಬ ಹೆಣ್ಣುಮಗಳು ನನ್ನ ಮನೆ ಹುಡುಕಿಕೊಂಡು ಬಂದಳು. ಮುಗದ ಎಂಬ ಹಳ್ಳಿಯವಳು. ಬಹಳ ಹಿಂದೆ ಬಿ.ಎ.ದಲ್ಲಿ ನನ್ನ ತರಗತಿಯಲ್ಲಿ ಕುಳಿತಿದ್ದಳಂತೆ. ನೂರು ಜನರಲ್ಲಿ ನನಗೆ ನೆನಪಿರಲಿಲ್ಲ. ಲಗ್ನವಾಗಿ, ಎರಡು ಮಕ್ಕಳಾದ ಮೇಲೆ ಮತ್ತೆ ಓದಲು ಶುರು ಮಾಡಿದವಳು. ಕೈಯಲ್ಲಿ ಉತ್ತರಪತ್ರಿಕೆಯ ಜೆರಾಕ್ಸ್ ಇತ್ತು.

"ಮೇಡಂ, ನೋಡ್ರಿ. ಸರ್ ಮೊದಲ ಅರವತ್ತೊಂದು ಹಾಕ್ಯಾರ. ಆಮ್ಯಾಲೆ ಹೊಡದು ಮೂವತ್ತಾರು ಮಾಡ್ಯಾರ. ನಾ ಏನ್ ತಪ್ಪ ಮಾಡೇನ್ರಿ?"

ಸಹಿ ಯಾರದೆಂದು ಆಕೆಗೆ ಯಾರೋ ಆಗಲೇ ಹೇಳಿದ್ದರು. ನನ್ನ ಅಂಕದ ಹಾಳೆ ಆ ಜೆರಾಕ್ಸಿನಲ್ಲಿ ಇರಲಿಲ್ಲ. ಅದು ಬೇರೆ ಹಾಳೆಯಲ್ಲವೇ. ಮೊದಲನೆಯವಳು ನಾನೆಂದು ಆಕೆಗೆ ಗೊತ್ತೇ ಇರಲಿಲ್ಲ. ಜೆರಾಕ್ಸಿಗೆ ಹಚ್ಚಿದ್ದ ಅರ್ಜಿಯ ಮೇಲೆ ಆಕೆಯ ಹೆಸರು, ಅಡ್ಡಹೆಸರು ಬರೆದಿತ್ತು. ಅಡ್ಡಹೆಸರು ನಮ್ಮ ಪೈಕಿಯದು. ಆಕೆ ಮೇಲಿನ ಓಣಿಯವಳು. ಮೇಲಿನ ಓಣಿಯಲ್ಲಿ ಬೆಳೆದು, ಕೆಳಗಿನವರ ಮಾತನ್ನು ನಾವು ಯಾವತ್ತು ತೂಗಿದ್ದೇವೆ ಎಂದು ಕೇಳಿದ್ದಳು. ನಾನು ಆ ಉತ್ತರವನ್ನು ಸರಿಯಾಗಿ ಓದಿಯೇ ಇರಲಿಲ್ಲ. ಓಣಿ ಎಂಬ ಮಾತು ಕಂಡಕೂಡಲೇ ಬರೆದವರು ಯಾರೆಂದು ತೀರ್ಮಾನ ಮಾಡಿಬಿಟ್ಟಿದ್ದೆ.

ಆಕೆಗೆ ಅವಲಕ್ಕಿ ಕೊಟ್ಟೆ, ಚಹಾ ಕೊಟ್ಟೆ. ಮರುಮೌಲ್ಯಮಾಪನಕ್ಕೆ ಹೇಗೆ ಅರ್ಜಿ ಹಾಕಬೇಕೆಂದು ಹೇಳಿಕೊಟ್ಟೆ. ಅರ್ಜಿ ನಾನೇ ಬರೆದೆ, ಚೊಕ್ಕ ಕನ್ನಡದಲ್ಲಿ. "ನೀವು ಇದ್ದದ್ದಕ್ಕ ಆತ್ರಿ ಮೇಡಂ," ಎಂದು ಆಕೆ ಕಾಲಿಗೆ ನಮಸ್ಕಾರ ಮಾಡಿದಳು. ಹೇಳಬೇಕಾದ ಒಂದು ಮಾತು ನಾನು ಹೇಳಲಿಲ್ಲ.

ಪತ್ರಿಕೆ ಪರವೂರಿನವರಿಗೆ ಹೋಯಿತು. ಐವತ್ತೇಳು ಬಂತು. ಆದರೆ ಅಷ್ಟರಲ್ಲಿ ಎಂ.ಎ. ಅಂಕಗಳ ಮೇಲೆ ಆಕೆ ಸೇರಬೇಕಿದ್ದ ಆ ವರ್ಷದ ಬಿ.ಎಡ್. ಪ್ರವೇಶ ಮುಗಿದುಹೋಗಿತ್ತು, ಆಕೆ ಒಂದು ವರ್ಷ ಮನೆಯಲ್ಲಿ ಕುಳಿತಳು. ಆಕೆಯ ಗಂಡ ದೂರು ಕೊಟ್ಟ. ಇಪ್ಪತ್ತೈದು ಅಂಕ ಒಮ್ಮೆಲೇ ಯಾಕೆ ಕಡಿದಿರಿ, ವಿವರಣೆ ಕೊಡಿ ಎಂದು ನನ್ನ ಸಹೋದ್ಯೋಗಿಗೆ ಪತ್ರ ಬಂತು. ವಿಚಾರಣೆಯ ದಿನ ಮೇಜಿನ ಸುತ್ತ ಐದು ಜನ ಇದ್ದೆವು. ಹಿರಿಯಳೆಂದು ನನ್ನನ್ನೂ ಕೂಡಿಸಿದ್ದರು. ಹೊಂದಿಸುವುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಹಾಗೆಂದು ಬಾಯಿಬಿಟ್ಟು ಹೇಳಿದರೆ ಎಲ್ಲರ ಕೊರಳಿಗೂ ಬರುತ್ತಿತ್ತು.

"ಯಾಕ ಬದಲಿ ಮಾಡಿದ್ರಿ?" ಎಂದು ಕೇಳಿದರು.

ಅವರು ನನ್ನ ಕಡೆ ನೋಡಲಿಲ್ಲ. ನಾನೇ ಹೇಳಲಿ ಎಂದು ನನಗೆ ಜಾಗ ಬಿಟ್ಟರು ಎಂದು ಈಗ ತೋರುತ್ತದೆ. ನಾನು ನನ್ನ ಕನ್ನಡಕ ಒರೆಸಿದೆ. ಸೀರೆಯ ಸೆರಗಿನಿಂದ ಒಂದು ಗಾಜು ಒರೆಸಿ, ಇನ್ನೊಂದು ಗಾಜು ಒರೆಸಿದೆ.

"ಮತ್ತೊಮ್ಮೆ ಓದಿದಾಗ ಹಂಗ ಅನಿಸ್ತ್ರಿ," ಎಂದರು ಅವರು.

ಎಚ್ಚರಿಕೆಯ ಪತ್ರ ಕೊಟ್ಟರು. ಮೂರು ವರ್ಷ ಅವರಿಗೆ ಪತ್ರಿಕೆ ತಿದ್ದುವ ಕೆಲಸ ಬರಲಿಲ್ಲ. ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡಬೇಕೆಂದಿದ್ದ ಇಬ್ಬರು ಬೇರೆಯವರ ಕಡೆ ಹೋದರು. ಊರು ಸಣ್ಣದು, ಮಾತು ಬೇಗ ಹಬ್ಬುತ್ತದೆ. ನಾನು ನಿವೃತ್ತಳಾದಾಗ ಶಾಲು ಹೊದಿಸಿ ಫಲತಾಂಬೂಲ ಕೊಟ್ಟರು. ನಿಷ್ಠುರವಾದಿ, ನ್ಯಾಯನಿಷ್ಠೆ ಎಂದು ಭಾಷಣ ಮಾಡಿದರು. ಅವರು ಕೊನೆಯ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದರು.

ನಾಚಿಕೆ ಒಮ್ಮೆಲೇ ಬರಲಿಲ್ಲ. ಮೊದಮೊದಲು ನನ್ನ ಜೊತೆ ನಾನೇ ವಾದ ಹಾಕಿದೆ, ಮತ್ತು ಎಂದಿನಂತೆ ಗೆದ್ದೆ. ಪದ್ಧತಿಯೇ ಹಾಗಿತ್ತು, ಎಲ್ಲರೂ ಮಾಡುತ್ತಿದ್ದರು, ಮೂವತ್ತನಾಲ್ಕು ನನಗೆ ಪ್ರಾಮಾಣಿಕವಾಗಿಯೇ ತೋರಿದ್ದು. ಇವೆಲ್ಲ ನಿಜವೂ ಹೌದು. ಮೂವತ್ತನಾಲ್ಕು ಕೊಟ್ಟದ್ದು ತಪ್ಪಲ್ಲ. ತಪ್ಪು ತೂಗುವುದು ಯಾರ ಕೈಯಲ್ಲೂ ಆಗಬಹುದು. ಅವರು ಕಾರಣ ಕೊಡುತ್ತಿದ್ದಾಗ ನಾನು ಅವರ ಕಾರಣ ಬಿಟ್ಟು ಅವರ ಹುಟ್ಟಿಗೆ ಕೈಹಾಕಿದೆ. ಅಲ್ಲಿಗೆ ಅವರು ಏನು ಹೇಳಿದರೂ ನಿಮ್ಮವರಿಗಾಗಿ ಹೇಳುತ್ತೀರಿ ಎಂದಾಗಿಬಿಟ್ಟಿತು. ಹದಿನಾಲ್ಕು ವರ್ಷ ಆ ಮನುಷ್ಯ ನನಗೆ ಎದುರು ಮಾತಾಡಿದ್ದು ನನ್ನನ್ನು ನಂಬಿ. ಈಕೆ ತಡೆದುಕೊಳ್ಳುತ್ತಾಳೆ, ಈಕೆ ಮಾತಿಗೆ ಮಾತನ್ನೇ ಕೊಡುತ್ತಾಳೆ ಎಂಬ ನಂಬಿಕೆ. ಅದನ್ನು ನಾನು ಹಾಳು ಮಾಡಿದೆ, ಅದೂ ನಗುತ್ತ. ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತವೆ.

ಹೋದ ತಿಂಗಳು ಬಸ್ ನಿಲ್ದಾಣದಲ್ಲಿ ಆ ಮುಗದದ ಹೆಣ್ಣುಮಗಳು ಸಿಕ್ಕಳು. ಈಗ ಹೈಸ್ಕೂಲಿನಲ್ಲಿ ಕಲಿಸುತ್ತಾಳೆ. "ಆ ಸರ್ ನನ್ನ ಒಂದ ವರ್ಷ ತಿಂದ್ರು ಮೇಡಂ. ನಮ್ಮ ಊರಾಗ ಯಾರರ ಕೇಳಿದ್ರ ನಾ ಹೇಳ್ತೇನಿ, ಒಬ್ಬರು ಮುಳುಗಿಸಿದ್ರು, ಒಬ್ಬರು ಎತ್ತಿದ್ರು ಅಂತ." ಎತ್ತಿದವಳು ನಾನು. ಇನ್ನು ತಡೆಯಲು ಆಗಲಿಲ್ಲ. ಅಲ್ಲೇ ಬೆಂಚಿನ ಮೇಲೆ ಆಕೆಯನ್ನು ಕೂಡಿಸಿ ಎಲ್ಲ ಹೇಳಿದೆ, ಆ ಓಣಿಯ ಮಾತನ್ನೂ ಬಿಡದೆ. ಆಕೆ ಕೇಳಿದಳು. ಬಸ್ಸು ಬಂತು, ಎದ್ದು ಹತ್ತಿದಳು. ಹೋಗಿಬರುತ್ತೇನೆ ಅನ್ನಲಿಲ್ಲ.

ನಾನು ಸೀದಾ ಅವರ ಮನೆಗೆ ಹೋದೆ. ಸಂಜೆ ಐದರ ಸುಮಾರು. ಅವರೇ ಬಾಗಿಲು ತೆಗೆದರು, ಕೂದಲು ಹಣ್ಣಾಗಿತ್ತು. "ಬರ್ರಿ ಮೇಡಂ, ಬರ್ರಿ," ಎಂದು ಕುರ್ಚಿ ಎಳೆದರು, ನೀರು ತಂದು ಕೊಟ್ಟರು. ಕುಶಲ ಕೇಳುವಷ್ಟೂ ತಾಳ್ಮೆ ನನಗಿರಲಿಲ್ಲ.

"ನಾ ನಿಮಗ ಅನ್ಯಾಯ ಮಾಡಿದೆ," ಎಂದೆ. "ಅವತ್ತ ಆಡಬಾರದ ಮಾತ ಆಡಿದೆ. ವಿಚಾರಣಾದಾಗ ಸುಮ್ಮ ಕುಂತೆ. ಆ ಹುಡುಗಿಗೆ ಈಗ ಎಲ್ಲಾ ಹೇಳೇನಿ. ಮಂಡಳಿಗೂ ಬರದು ಕೊಡ್ತೇನಿ."

"ಹೌದ್ರಿ ಮೇಡಂ," ಎಂದರು. "ಕೊಡ್ರಿ."

ಬೈಯಲಿ ಎಂದು ಕಾದೆ. ಬೈಯಲಿಲ್ಲ. ನನ್ನ ಹಾಳು ಬಾಯಿ ಸುಮ್ಮನಿರಬೇಕಲ್ಲ. "ಆದ್ರೂ ನೋಡ್ರಿ, ಪದ್ಧತಿನೂ ಹಂಗ ಇತ್ತು. ಎಲ್ಲಾರೂ ಹೊಂದಸ್ತಿದ್ರು," ಎಂದೆ.

"ಹೌದ್ರಿ. ಅದೂ ಖರೆ."

"ಈಗ ನಿಮಗ ಮತ್ತ ಪೇಪರ್ ಬರ್ತಾವೇನ್ರಿ?"

"ಬರ್ತಾವ್ರಿ, ಮೂರ ವರ್ಷ ಆತು. ಈಗ ತ್ರಾಸ ಇಲ್ರಿ. ಕುಂತ ಕೂಡ್ಲೆ ಎದುರಿನವ್ರಿಗೆ ಎಷ್ಟ ಹಾಕೀರಿ ಅಂತ ಕೇಳ್ತೇನಿ. ಅದರ ಹತ್ತಿರಾನ ಹಾಕಿ ಸಹಿ ಮಾಡ್ತೇನಿ. ನನ್ನ ಮೇಜು ಎಲ್ಲಾರಿಗಿಂತ ಮೊದಲ ಮುಗಿತೈತಿ."

"ಓದೂದ ಇಲ್ಲೇನ್ರಿ?" ಎಂದೆ.

"ಓದ್ತೇನ್ರಿ. ಓದಿ ಸುಮ್ಮ ಆಗ್ತೇನಿ."

"ಹಂಗ ಮಾಡಬಾರದ್ರಿ ಸರ್. ಅದು ತಪ್ಪು."

"ಹೌದ್ರಿ. ತಪ್ಪ."

ನಾನು ಬೇಡಿಕೊಳ್ಳುವವಳ ಹಾಗೆ ಮುಂದಕ್ಕೆ ಬಾಗಿದೆ. ಹೇಗಾದರೂ ಅವರನ್ನು ಕೆಣಕಬೇಕಿತ್ತು. "ಹಂಗಿದ್ರ ಕೇಳ್ರಿ," ಎಂದೆ. "ನಾ ಅವತ್ತ ಮೂವತ್ನಾಕ ಹಾಕಿದ್ದ ಸರಿ. ನೀವು ಅರವತ್ತೊಂದು ಹಾಕಿದ್ದು ತಪ್ಪು. ಆ ಪೇಪರಿನಾಗ ಏನೂ ಇರಲಿಲ್ಲ."

ಅವರು ತಲೆ ವಾರೆ ಮಾಡಲಿಲ್ಲ. ನನ್ನ ಕೈಯಿಂದ ಖಾಲಿ ಲೋಟ ಇಸಿದುಕೊಂಡರು.

"ಇರಬಹುದ್ರಿ ಮೇಡಂ," ಎಂದರು. "ಚಾ ಮಾಡಸ್ತೇನಿ, ಕುಂಡ್ರಿ."